ಹಳೆ ಲ್ಯಾಪ್‌ಟಾಪಿಗೆ ಆರು ಸಾವಿರ ರೂಪಾಯಿ

— ಬರೀ ನಿಧಾನ ಅಂದ್ರೆ ಸಾಲದು ಚಿಕ್ಕಪ್ಪ. ಯಾವಾಗ ನಿಧಾನ? ಆನ್ ಮಾಡಿದಾಗಲಾ, ಟೈಪ್ ಮಾಡುವಾಗಲಾ, ಇಂಟರ್ನೆಟ್ ನೋಡುವಾಗಲಾ?

— ಆನ್ ಮಾಡಿ, ಒಳಗೆ ಹೋಗಿ ಕಾಫಿ ಬೆರೆಸಿಕೊಂಡು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತೆ. ಆಮೇಲೆ ನುಡಿ ತಂತ್ರಾಂಶ ತೆರೆದುಕೊಂಡಿತು ಅಂದರೆ ಟೈಪಿಂಗಿಗೆ ಏನೂ ತೊಂದರೆ ಇಲ್ಲ, ನನ್ನ ಬೆರಳಿಗೆ ಸರಿಯಾಗಿ ಅಕ್ಷರ ಮೂಡುತ್ತೆ. ಒಂದು ಪದ ನೋಡೋಣ ಅಂತ ಬ್ರೌಸರ್ ತೆರೆದು, ಪಕ್ಕದಲ್ಲಿ ಎರಡು ಪತ್ರಿಕೆ ಇಟ್ಟುಕೊಂಡೆನೋ, ಅಲ್ಲಿಗೆ ಮುಗೀತು. ಮತ್ತೆ ನುಡಿಗೆ ಬರಬೇಕಾದರೆ ಅರ್ಧ ನಿಮಿಷ ಕೈ ಕಟ್ಟಿ ಕೂರಬೇಕು. ಅಂಗಡಿಯವರಿಗೆ ತೋರಿಸಿದೆ. 2012ರ ಮಾಡೆಲ್ಲು ಸಾರ್, ಇದಕ್ಕೆ ಹಾಕೋ ದುಡ್ಡು ದಂಡ, ಹೊಸದು ತಗೊಳ್ಳಿ ಅಂದರು.

— ಬಿಚ್ಚಿ ನೋಡಿದರಾ?

— ತಿರುಗಿಸಿ ಚೀಟಿ ಓದಿದರು, ಅಷ್ಟೆ.

— ಹಾಗಾದರೆ ನಾವು ನೋಡೋಣ. ದುಡ್ಡು ಬಿಚ್ಚುವ ಮೊದಲು ಯಂತ್ರ ಯಾವುದಕ್ಕೆ ಕಾಯ್ತಾ ಕೂತಿದೆ ಅಂತ ಗೊತ್ತಾಗಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬಂತಲ್ಲ? ಅದರಲ್ಲಿ ಪರ್ಫಾರ್ಮೆನ್ಸ್ ಅಂತಿದೆ, ಅಲ್ಲಿಗೆ ಹೋಗಿ. ಈಗ ಎಂದಿನಂತೆ ಬ್ರೌಸರ್ ತೆರೀರಿ, ಎಡಗಡೆಯ ಅಂಕಿಗಳ ಮೇಲೆ ಕಣ್ಣಿಟ್ಟಿರಿ.

— ಸಿಪಿಯು ಹದಿನೈದು, ಇಪ್ಪತ್ತು ಅಂತ ಆಡ್ತಾ ಇದೆ. ಡಿಸ್ಕ್ ಮಾತ್ರ ನೂರಕ್ಕೇರಿ ನಿಂತುಬಿಟ್ಟಿತು. ಮೆಮೊರಿ ತೊಂಬತ್ತು.

— ನಿಮ್ಮದು ಥಿಂಕ್‌ಪ್ಯಾಡ್ ಎಕ್ಸ್230. ಒಳಗಿರೋ ಪ್ರೊಸೆಸರ್ ಇಂಟೆಲ್ ಐ5-3320ಎಂ, ಎರಡು ಕೋರ್, 2.6 ಗಿಗಾಹರ್ಟ್ಸ್. ಇವತ್ತಿನ ಲೆಕ್ಕಕ್ಕೆ ಹಳೆಯದೇ. ಆದರೆ ಬರೆಯೋದು, ಓದೋದು, ಮೇಲ್ ಕಳಿಸೋದು, ಮಗನ ಜೊತೆ ವಿಡಿಯೊದಲ್ಲಿ ಮಾತಾಡೋದು, ಇಷ್ಟಕ್ಕೆ ಅದು ಸಾಕು. ನೋಡಿ, ಐದರಲ್ಲಿ ನಾಲ್ಕು ಪಾಲು ಸುಮ್ಮನೆ ಕೂತಿದೆ. ಅದಕ್ಕೆ ಕೆಲಸ ಒದಗಿಸಬೇಕಾದ ಹಾರ್ಡ್ ಡಿಸ್ಕ್ ಏದುಸಿರು ಬಿಡ್ತಾ ಇದೆ. ಅಂಗಡಿಯವರು ವಯಸ್ಸು ಅಂದರಲ್ಲ, ವಯಸ್ಸಾಗಿರೋದು ಆ ಒಂದು ಭಾಗಕ್ಕೆ.

— ಡಿಸ್ಕು ಕೆಟ್ಟಿದೆಯಾ ಹಾಗಾದರೆ?

— ಕೆಟ್ಟಿರಲಿಕ್ಕಿಲ್ಲ, ಪರೀಕ್ಷೆ ಮಾಡೋಣ. ಅದು ಇರೋದೇ ಹಾಗೆ. ಒಳಗೆ ತಟ್ಟೆ ತಿರುಗುತ್ತೆ, ನಿಮಿಷಕ್ಕೆ 7200 ಸುತ್ತು. ಅದರ ಮೇಲೆ ಒಂದು ತೋಳು ಅತ್ತಿತ್ತ ಓಡಾಡಿ ಓದುತ್ತೆ. ಬೇಕಾದ ಜಾಗ ತೋಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೇ ನಾಲ್ಕು ಮಿಲಿಸೆಕೆಂಡು ಹೋಯ್ತು. ತೋಳು ಅಲ್ಲಿಗೆ ಸರಿಯಲು ಇನ್ನೂ ಹತ್ತು ಹನ್ನೆರಡು. ಸೇರಿಸಿ ನೋಡಿದರೆ ಸೆಕೆಂಡಿಗೆ ನೂರು ತುಣುಕನ್ನೂ ತಂದುಕೊಡಲಾರದು. ವಿಂಡೋಸ್ ಶುರುವಾಗುವಾಗ, ಬ್ರೌಸರ್ ತೆರೆಯುವಾಗ ಕೇಳೋದು ಸಾವಿರಾರು ಚಿಕ್ಕ ಚಿಕ್ಕ ತುಣುಕು, ಒಂದೊಂದೂ ಒಂದೊಂದು ಮೂಲೆಯಲ್ಲಿ.

— ನಮ್ಮ ಕಾಲೇಜಿನ ಗ್ರಂಥಾಲಯ ನೆನಪಾಯ್ತು. ಚೀಟಿ ಬರೆದುಕೊಟ್ಟರೆ ಅಟೆಂಡರ್ ಒಳಗೆ ಹೋಗಿ ಒಂದು ಪುಸ್ತಕ ತರ್ತಿದ್ದ. ಇನ್ನೊಂದು ಬೇಕು ಅಂದರೆ ಮತ್ತೆ ಹೋಗಬೇಕು. ಒಂದೇ ಕಪಾಟಿನಿಂದ ಹತ್ತು ಪುಸ್ತಕ ಅಂದರೆ ಬೇಗ, ಹತ್ತು ಕಪಾಟಿನಿಂದ ಒಂದೊಂದು ಅಂದರೆ ಅರ್ಧ ದಿನ.

— ಸರಿಯಾಗಿ ಹಿಡಿದಿರಿ. ಸಿನಿಮಾದಂಥ ಒಂದು ದೊಡ್ಡ ಫೈಲನ್ನ ಈ ಹಳೇ ಡಿಸ್ಕೂ ಸೆಕೆಂಡಿಗೆ ನೂರು ಎಂಬಿ ಹತ್ತಿರ ಓದಿಬಿಡುತ್ತೆ, ಒಂದೇ ಕಪಾಟಿನ ಲೆಕ್ಕ ಅದು. ಚೂರುಪಾರು ಕೆಲಸದಲ್ಲಿ ಸೋಲುತ್ತೆ. ಇದರ ಬದಲಿಗೆ ಹಾಕಬಹುದಾದ ಎಸ್‌ಎಸ್‌ಡಿಯಲ್ಲಿ ತಿರುಗೋ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಬರೀ ಚಿಪ್. ಅಂಥ ಚಿಕ್ಕ ತುಣುಕುಗಳನ್ನ ಸೆಕೆಂಡಿಗೆ ಸಾವಿರಗಳ ಲೆಕ್ಕದಲ್ಲಿ ಕೊಡುತ್ತೆ. ಕಾಫಿ ಬೆರೆಸುವ ಹೊತ್ತು ಹಿಡಿಯೋ ಕೆಲಸ ಅರ್ಧ ನಿಮಿಷದೊಳಗೆ ಮುಗಿಯುತ್ತೆ ಅಂದರೆ ನಂಬಿ. ಹಳೆ ಲ್ಯಾಪ್‌ಟಾಪಿಗೆ ಹಾಕೋ ದುಡ್ಡಲ್ಲಿ ಇಷ್ಟು ಫಲ ಕೊಡೋದು ಬೇರೆ ಯಾವುದೂ ಇಲ್ಲ. ನಿಮ್ಮ ಹತ್ತಿರ ಎಷ್ಟಿದೆ ಅಂದಿರಿ?

— ಆರು ಸಾವಿರ. ಅದಕ್ಕಿಂತ ಹೆಚ್ಚು ಇದಕ್ಕೆ ಸುರಿಯೋಕೆ ಮನಸ್ಸಿಲ್ಲ.

— ಅರ್ಧ ಎಸ್‌ಎಸ್‌ಡಿಗೆ ಎತ್ತಿಡೋಣ. ನೀವು ಇಷ್ಟು ವರ್ಷ ಬರೆದಿದ್ದು, ಫೋಟೊ, ಎಲ್ಲಾ ಸೇರಿ ನೂರು ಜಿಬಿ ದಾಟಿಲ್ಲ. 256 ಜಿಬಿ ಸಾಕು, ಬೆಲೆ ಕೈಗೆಟುಕಿದರೆ 500. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಅಂತಲೇ ಕೇಳಬೇಕು, 7 ಮಿಲಿಮೀಟರ್ ದಪ್ಪದ್ದು. ನಿಮ್ಮ ಈ ಮಾಡೆಲ್ಲಿನಲ್ಲಿ ಅದಕ್ಕಿಂತ ದಪ್ಪ ಹಿಡಿಸಲ್ಲ. ಅಂಗಡಿಯಲ್ಲಿ ಎನ್‌ವಿಎಂಇ ಅಂತ ಚೂಯಿಂಗ್ ಗಮ್ ಪಟ್ಟಿಯ ಹಾಗಿರೋದು ತೋರಿಸ್ತಾರೆ, ಇದು ಇನ್ನೂ ಫಾಸ್ಟು ಅಂತಾರೆ. ಫಾಸ್ಟೇ ಹೌದು, ಆದರೆ ನಿಮ್ಮದರಲ್ಲಿ ಅದಕ್ಕೆ ಜಾಗವೇ ಇಲ್ಲ.

— ಆನ್‌ಲೈನಿನಲ್ಲಿ ಎರಡು ಟಿಬಿ ಎಸ್‌ಎಸ್‌ಡಿ ಸಾವಿರದ ಚಿಲ್ಲರೆಗೇ ಕಂಡಿತ್ತಲ್ಲ?

— ಅದನ್ನ ಮುಟ್ಟಲೇಬೇಡಿ ಚಿಕ್ಕಪ್ಪ. ಒಳಗಿರೋದು 32 ಅಥವಾ 64 ಜಿಬಿ ಚಿಪ್. ಕಂಪ್ಯೂಟರಿಗೆ ಮಾತ್ರ ಎರಡು ಟಿಬಿ ಅಂತ ಸುಳ್ಳು ಹೇಳೋ ಹಾಗೆ ಅದರ ಫರ್ಮ್‌ವೇರ್ ತಿದ್ದಿರ್ತಾರೆ. ಮೊದಲು ಚೆನ್ನಾಗೇ ನಡೆಯುತ್ತೆ. ನಿಜವಾದ ಜಾಗ ತುಂಬಿದ ಮೇಲೆ ಹೊಸದಾಗಿ ಬರೆದದ್ದು ಹಳೆಯದರ ಮೇಲೆಯೇ ಬೀಳುತ್ತೆ, ಫೈಲಿನ ಹೆಸರು ಕಾಣುತ್ತೆ, ತೆರೆದರೆ ಒಳಗೇನೂ ಇಲ್ಲ. ಕೆಲಸ ಕಳಕೊಂಡವರು ತುಂಬಾ ಜನ. ಹೆಸರಿರೋ ಕಂಪನಿಯದ್ದು, ಬಿಲ್ ಕೊಡೋ ಅಂಗಡಿ, ಮೂರು ವರ್ಷದ ವಾರಂಟಿ. ತಂದ ದಿನವೇ ಎಚ್2ಟೆಸ್ಟ್‌ಡಬ್ಲ್ಯು ಅನ್ನೋ ಪುಟ್ಟ ತಂತ್ರಾಂಶ ಹಾಕಿ ಪೂರ್ತಿ ಬರೆದು ಓದಿಸಿ ನೋಡೋಣ. ಹೇಳಿದಷ್ಟು ಜಾಗ ಇದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತೆ.

— ಅರ್ಧ ಅದಕ್ಕೆ ಹೋಯ್ತು. ಮೆಮೊರಿ ತೊಂಬತ್ತು ಅಂತ ತೋರಿಸ್ತಲ್ಲ, ಅದು?

— ಅದೂ ಡಿಸ್ಕಿಗೆ ಹೆಣೆದುಕೊಂಡಿರೋ ವಿಷಯವೇ. ನಿಮ್ಮದರಲ್ಲಿ ಇರೋದು 4 ಜಿಬಿ ರ‍್ಯಾಮ್. ವಿಂಡೋಸೇ ಅದರಲ್ಲಿ ಅರ್ಧದಷ್ಟು ಹಿಡಿದುಕೊಳ್ಳುತ್ತೆ. ಪರದೆ ನಡೆಸೋ ಗ್ರಾಫಿಕ್ಸಿಗೆ ಬೇರೆ ಮೆಮೊರಿ ಇಲ್ಲ, ಅದೂ ಇದರಲ್ಲೇ ಪಾಲು ಕೇಳುತ್ತೆ. ಮೇಲೆ ಬ್ರೌಸರ್ ಬಂತು, ಇವತ್ತಿನ ಒಂದೊಂದು ಪತ್ರಿಕೆಯ ಪುಟ ನೂರಾರು ಎಂಬಿ ನುಂಗುತ್ತೆ. ಜಾಗ ಸಾಲದಿದ್ದಾಗ ವಿಂಡೋಸ್ ಆ ಕ್ಷಣಕ್ಕೆ ಬೇಡದ್ದನ್ನ ಡಿಸ್ಕಿಗೆ ಬರೆದಿಟ್ಟು ಜಾಗ ಮಾಡಿಕೊಳ್ಳುತ್ತೆ. ನೀವು ನುಡಿಗೆ ವಾಪಸ್ ಬಂದರೆ ಬರೆದಿಟ್ಟದ್ದನ್ನ ಮತ್ತೆ ಓದಿ ತರಬೇಕು. ಆ ಓದೋದು ಬರೆಯೋದು ನಡೆಯೋದು ಎಲ್ಲಿ? ಸೆಕೆಂಡಿಗೆ ನೂರು ತುಣುಕೂ ಕೊಡಲಾರದ ಅದೇ ಡಿಸ್ಕಿನಲ್ಲಿ. ನೀವು ಕೈ ಕಟ್ಟಿ ಕೂರೋ ಅರ್ಧ ನಿಮಿಷ ಅದೇ.

— ಅಂದರೆ ಎಸ್‌ಎಸ್‌ಡಿ ಹಾಕಿದರೆ ಮೆಮೊರಿ ಸಾಲದೇ ಇರೋದೂ ಮುಚ್ಚಿಹೋಗುತ್ತೆ ಅನ್ನು.

— ಮುಚ್ಚಿಹೋಗುತ್ತೆ, ವಾಸಿಯಾಗಲ್ಲ. ಮೆಮೊರಿಯನ್ನೂ 8 ಜಿಬಿಗೆ ಏರಿಸಿದರೆ ಹಾಗೆ ಬರೆದಿಡೋ ಪ್ರಸಂಗವೇ ಅಪರೂಪ. ಮೆಮೊರಿ ಅಂತಿರೋ ಕಡೆ ಒತ್ತಿ ನೋಡಿ, ಸ್ಲಾಟ್ಸ್ ಯೂಸ್ಡ್ ಅಂತಿದೆಯಲ್ಲ?

— 1 ಆಫ್ 2.

— ನೋಡಿದಿರಾ, ಒಂದು ಸ್ಲಾಟ್ ಇಷ್ಟು ವರ್ಷ ಖಾಲಿ ಬಿದ್ದಿದೆ! ಇರೋ ತುಂಡು ತೆಗೆಯೋದೇ ಬೇಡ, ಪಕ್ಕದಲ್ಲಿ ಇನ್ನೊಂದು 4 ಜಿಬಿ ಕೂರಿಸಿದರೆ ಆಯ್ತು. ಎರಡೂ ಸಮ ಇದ್ದರೆ ಪ್ರೊಸೆಸರ್ ಎರಡರಿಂದಲೂ ಒಟ್ಟಿಗೆ ಓದುತ್ತೆ, ಗ್ರಾಫಿಕ್ಸಿಗೆ ಅದರಿಂದ ಒಳ್ಳೆಯದು. 16 ಜಿಬಿ ತನಕ ಹಿಡಿಸುತ್ತೆ, ಆದರೆ ನಿಮ್ಮ ಕೆಲಸಕ್ಕೆ 8 ದಾಟಿದರೆ ವ್ಯತ್ಯಾಸ ಕಾಣಲ್ಲ. ಆ ದುಡ್ಡು ಉಳಿಸಿ.

— ರ‍್ಯಾಮ್ ಬೆಲೆ ವಿಪರೀತ ಏರಿದೆ ಅಂತ ಪತ್ರಿಕೆಯಲ್ಲಿ ಓದಿದ್ದೆ.

— ಏರಿದೆ. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳಿಗೆ ಅಂತ ಮೆಮೊರಿ ಚಿಪ್ಪನ್ನ ಸಾರಾಸಗಟಾಗಿ ಕೊಳ್ತಿದ್ದಾರೆ. ಮೈಕ್ರಾನ್ ಕಂಪನಿಯಂತೂ ಆ ಡಿಸೆಂಬರಿನಲ್ಲಿ, ಜನಸಾಮಾನ್ಯರಿಗೆ ಮಾರುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸ್ತೀವಿ ಅಂತ ಘೋಷಿಸಿತು. ಹಾಗಾಗಿ ಇದ್ದದ್ದನ್ನ ಬಿಸಾಡಿ ಹೊಸ ಲ್ಯಾಪ್‌ಟಾಪ್ ತಗೊಳ್ಳೋಕೆ ಇದು ಒಳ್ಳೆಯ ಕಾಲವಲ್ಲ. ಆದರೆ ನಿಮಗೆ ಬೇಕಾಗಿರೋದು ಡಿಡಿಆರ್3. ಅದು ಎರಡು ತಲೆಮಾರು ಹಿಂದಿನದು, ಹೊಸ ಲ್ಯಾಪ್‌ಟಾಪುಗಳಿಗೆ ಯಾರೂ ಹಾಕಲ್ಲ. ಕಂಪನಿಗಳು ತೆಗೆದುಹಾಕಿದ ಲ್ಯಾಪ್‌ಟಾಪುಗಳಿಂದ ಬಿಚ್ಚಿದ್ದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡಾಗಿ ಸಿಗುತ್ತೆ.

— ಸೆಕೆಂಡ್ ಹ್ಯಾಂಡ್ ರ‍್ಯಾಮ್ ನಂಬಬಹುದಾ?

— ರ‍್ಯಾಮ್‌ನಲ್ಲಿ ಸವೆಯೋ ಭಾಗ ಇಲ್ಲ. ಎಸ್‌ಎಸ್‌ಡಿಯ ಹಾಗೆ ಇಷ್ಟು ಸಲ ಬರೆದರೆ ಆಯಸ್ಸು ಮುಗೀತು ಅನ್ನೋ ಲೆಕ್ಕ ಅದಕ್ಕಿಲ್ಲ. ಅದಕ್ಕೇ ಎಸ್‌ಎಸ್‌ಡಿ ಹೊಸದೇ ಆಗಬೇಕು ಅಂತೀನಿ, ರ‍್ಯಾಮ್ ಹಳೆಯದಾದರೂ ಸೈ ಅಂತೀನಿ. ಕೆಟ್ಟದ್ದು ಬಂದರೆ ಬದಲಾಯಿಸಿಕೊಡ್ತೀವಿ ಅಂತ ಮಾತು ತಗೊಳ್ಳಬೇಕು. ಮನೆಗೆ ತಂದು ಮೆಮ್‌ಟೆಸ್ಟ್86+ ಅನ್ನೋದನ್ನ ಪೆನ್ ಡ್ರೈವಿಗೆ ಹಾಕಿ, ರಾತ್ರಿ ಮಲಗುವಾಗ ಓಡಲು ಬಿಟ್ಟು, ಬೆಳಗ್ಗೆ ನೋಡಬೇಕು. ಒಂದೇ ಒಂದು ಕೆಂಪು ಸಾಲು ಬಂದಿದ್ದರೂ ವಾಪಸ್. ಕೆಟ್ಟ ರ‍್ಯಾಮ್ ನಿಮ್ಮ ಬರಹವನ್ನ ಸದ್ದಿಲ್ಲದೆ ಹಾಳು ಮಾಡುತ್ತೆ, ಅಲ್ಲಿ ಮಾತ್ರ ‘ಪರವಾಗಿಲ್ಲ’ ಅನ್ನಬಾರದು.

— ಯಾವುದು ಅಂತ ಕೇಳೋದು?

— ಚೀಟಿಯ ಮೇಲೆ ಪಿಸಿ3-12800ಎಸ್ ಅಂತಿರುತ್ತೆ, ಅಥವಾ ಪಿಸಿ3ಎಲ್-12800ಎಸ್. ಮೊದಲನೆಯದು 1.5 ವೋಲ್ಟ್, ಎರಡನೆಯದು 1.35ರಲ್ಲೂ ನಡೆಯುತ್ತೆ. ನಿಮ್ಮದಕ್ಕೆ ಯಾವುದಾದರೂ ಆಗುತ್ತೆ. ನಿಮ್ಮದರ ಮುಂದಿನ ವರ್ಷದಿಂದ ಬಂದ, ಇಂಟೆಲ್‌ನ ನಾಲ್ಕನೇ ತಲೆಮಾರಿನ ಲ್ಯಾಪ್‌ಟಾಪುಗಳಿಗೆ ಎಲ್ ಇರೋದೇ ಬೇಕು, ಇಲ್ಲದಿದ್ದರೆ ಆನೇ ಆಗಲ್ಲ. ಅದಕ್ಕೇ ಎಲ್ ಇರೋದೇ ತಗೊಳ್ಳಿ, ನಾಳೆ ಇನ್ನೊಬ್ಬರಿಗಾದರೂ ಉಪಯೋಗಕ್ಕೆ ಬರುತ್ತೆ. ಡಿಡಿಆರ್4 ಕೊಟ್ಟರೆ ಕೂರುವುದೇ ಇಲ್ಲ, ಇದಕ್ಕೆ 204 ಪಿನ್ನು, ಅದಕ್ಕೆ 260, ನಡುವಿನ ಕಂಡಿಯೂ ಬೇರೆ ಜಾಗದಲ್ಲಿ.

— ಇದನ್ನೆಲ್ಲ ಬಿಚ್ಚಿ ಹಾಕೋದು ನೀನೇನಾ? ಅಂಗಡಿಯಲ್ಲಿ ಕೂಲಿ ಎಷ್ಟು ಕೇಳ್ತಾರೋ.

— ನಾನೂ ಅಲ್ಲ, ನೀವೇ ಮಾಡ್ತೀರಿ. ತಿರುಗಿಸಿ ನೋಡಿ. ಈ ಒಂದು ಸ್ಕ್ರೂ ತೆಗೆದರೆ ಡಿಸ್ಕಿನ ಮುಚ್ಚಳ ಬರುತ್ತೆ, ಪಟ್ಟಿ ಹಿಡಿದು ಎಳೆದರೆ ಡಿಸ್ಕೇ ಹೊರಗೆ. ಅದರ ಎರಡು ಬದಿಯ ರಬ್ಬರ್ ಪಟ್ಟಿಗಳನ್ನ ಹೊಸದಕ್ಕೆ ತೊಡಿಸಿ ಒಳಗೆ ತಳ್ಳಿದರೆ ಮುಗೀತು. ರ‍್ಯಾಮ್ ಇರೋದು ಈ ಇನ್ನೊಂದು ಮುಚ್ಚಳದ ಕೆಳಗೆ. ಮೇಲೆ ಪುಟ್ಟ ಚಿಪ್ಪಿನ ಚಿತ್ರವನ್ನೇ ಅಚ್ಚು ಹಾಕಿದ್ದಾರೆ ನೋಡಿ, ಯಾವ ಸ್ಕ್ರೂ ಯಾವುದಕ್ಕೆ ಅಂತ. ಮೊದಲು ಚಾರ್ಜರ್ ಕೀಳಬೇಕು, ಬ್ಯಾಟರಿ ಹೊರಗೆ ತೆಗೀಬೇಕು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟು ಹೋಗಲಿ ಅಂತ ಬಿಡಬೇಕು. ರ‍್ಯಾಮ್ ತುಂಡನ್ನ ಓರೆಯಾಗಿ ಸೇರಿಸಿ ಕೆಳಕ್ಕೆ ಒತ್ತಿದರೆ ಎರಡೂ ಕಡೆ ಕೊಂಡಿ ಟಕ್ ಅಂತ ಹಿಡಿಯುತ್ತೆ. ಹಳದಿ ಕಾಲುಗಳನ್ನ ಬೆರಳಿಂದ ಮುಟ್ಟಬೇಡಿ, ಅಷ್ಟೆ. ಕಂಪನಿಯೇ ಇದರ ರಿಪೇರಿ ಕೈಪಿಡಿಯನ್ನ ಚಿತ್ರಸಮೇತ ಎಲ್ಲರಿಗೂ ಪುಕ್ಕಟೆ ಕೊಟ್ಟಿದೆ. ಹಿಂದಿನ ಕಾಲದ ಒಳ್ಳೆಯ ಕೆಲಸ ಅದು, ನನಗೆ ಅದರ ಮೇಲೆ ತುಂಬಾ ಗೌರವ.

— ಹಿಂದಿನ ಕಾಲ ಅಂತ ಯಾಕಂತೀಯ? ಈಗ ಹಾಗಿಲ್ಲವಾ?

— ಇದೇ ಸಾಲನ್ನ ನೋಡಿ ಚಿಕ್ಕಪ್ಪ, ನನಗೆ ಬೇಜಾರಾಗೋದೇ ಇಲ್ಲಿ. ನಿಮ್ಮ ಎಕ್ಸ್230ರಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್. ಅದರ ನಂತರ ಬಂದ ಎಕ್ಸ್240ರಲ್ಲಿ ಒಂದೇ. ಎಕ್ಸ್270 ತನಕ ಒಂದಿತ್ತು. 2018ರಲ್ಲಿ ಎಕ್ಸ್280 ಬಂತು, ಅದರಲ್ಲಿ ಸ್ಲಾಟೇ ಇಲ್ಲ, ರ‍್ಯಾಮನ್ನ ಬೋರ್ಡಿಗೇ ಬೆಸುಗೆ ಹಾಕಿಬಿಟ್ಟರು. ಕೊಂಡ ದಿನ ಎಷ್ಟಿತ್ತೋ ಸಾಯೋ ತನಕ ಅಷ್ಟೇ. ಆರು ವರ್ಷದೊಳಗೆ ಬಾಗಿಲು ಒಂದೊಂದಾಗಿ ಮುಚ್ಚಿತು. ಈ ಕಂಪನಿಯದ್ದಷ್ಟೇ ಕಥೆ ಅಲ್ಲ. ಆಪಲ್ ತನ್ನ ಮ್ಯಾಕ್‌ಬುಕ್ ಏರ್‌ನಲ್ಲಿ ಮೊದಲಿಂದಲೂ ಹಾಗೇ ಮಾಡ್ತಾ ಬಂದಿದೆ.

— ಅದಕ್ಕೂ ಏನಾದರೂ ಕಾರಣ ಇರಬೇಕಲ್ಲ. ಬರೀ ಹೊಸದು ಕೊಳ್ಳಲಿ ಅಂತಲೇ ಮಾಡಿದರು ಅನ್ನೋದು ಸುಲಭದ ಮಾತು.

— ಕಾರಣ ಇದೆ, ಇಲ್ಲ ಅನ್ನಲ್ಲ. ಸ್ಲಾಟ್ ಜಾಗ ತಿನ್ನುತ್ತೆ, ಲ್ಯಾಪ್‌ಟಾಪ್ ದಪ್ಪ ಆಗುತ್ತೆ. ಎಲ್‌ಪಿಡಿಡಿಆರ್ ಅನ್ನೋ ಕಡಿಮೆ ವಿದ್ಯುತ್ತಿನ ಮೆಮೊರಿ ಪ್ರೊಸೆಸರಿಗೆ ತೀರಾ ಹತ್ತಿರ ಇರಬೇಕು, ದಾರಿ ಉದ್ದವಾದರೆ ಅಷ್ಟು ವೇಗದಲ್ಲಿ ನಡೆಯಲ್ಲ. ಬ್ಯಾಟರಿ ಇಡೀ ದಿನ ಬರೋದರಲ್ಲಿ ಅದರ ಪಾಲೂ ಇದೆ. ಆದರೆ ಬಿಚ್ಚಲು ಬರೋ ಹಾಗೆ ಮಾಡಲಾಗದು ಅಂತೇನೂ ಇಲ್ಲ. ಅದೇ ಎಲ್‌ಪಿಡಿಡಿಆರನ್ನ ಸ್ಕ್ರೂ ಹಾಕಿ ಕೂರಿಸೋ ಎಲ್‌ಪಿಕ್ಯಾಮ್2 ಅನ್ನೋ ತುಂಡು ಬಂದಿದೆ, 2024ರಲ್ಲಿ ಒಂದು ಥಿಂಕ್‌ಪ್ಯಾಡಿನಲ್ಲೇ ಹಾಕಿ ಮಾರಿದರು. ಮನಸ್ಸಿದ್ದರೆ ಆಗುತ್ತೆ. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರಲ್ಲಿ ರಿಪೇರಿ ಹಕ್ಕಿಗೆ ಅಂತ ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಕೈಪಿಡಿ, ಬಿಡಿಭಾಗ, ವಾರಂಟಿಯ ವಿವರ ಕಂಪನಿಗಳು ಅಲ್ಲಿಡಬೇಕು ಅನ್ನೋದು ಉದ್ದೇಶ. ಕೊಳ್ಳೋ ದಿನ ಅಂಗಡಿಯಲ್ಲಿ ‘ರ‍್ಯಾಮ್ ಸ್ಲಾಟ್ ಇದೆಯಾ’ ಅಂತ ಕೇಳುವವರು ಹೆಚ್ಚಾಗಬೇಕು, ಆಗ ಕಂಪನಿಗಳ ಕಿವಿಗೂ ಬೀಳುತ್ತೆ.

— ನನ್ನ ಕಾಲದಲ್ಲಿ ರೇಡಿಯೊ ಹಿಂದಿನ ಹಲಗೆ ಬಿಚ್ಚಿದರೆ ಒಳಗಡೆ ಸರ್ಕ್ಯೂಟಿನ ನಕ್ಷೆಯನ್ನೇ ಅಂಟಿಸಿರ್ತಿದ್ದರು. ರಿಪೇರಿ ಮಾಡುವವರು ಅದನ್ನ ನೋಡಿಕೊಂಡೇ ಸರಿ ಮಾಡೋರು. ಬಿಡು, ಲೆಕ್ಕಕ್ಕೆ ಬಾ. ಬ್ಯಾಟರಿ ಮುಕ್ಕಾಲು ಗಂಟೆ ಕೂಡ ಬರಲ್ಲ. ಅದನ್ನೂ ಬದಲಾಯಿಸಬೇಡವಾ?

— ನೀವು ಕೂರೋದು ಮೇಜಿನ ಮುಂದೆ, ಪ್ಲಗ್ ಪಕ್ಕದಲ್ಲೇ ಇದೆ. ಕರೆಂಟು ಹೋದಾಗ ಬರೆದದ್ದನ್ನ ಉಳಿಸಿ ಮುಚ್ಚೋಕೆ ಮುಕ್ಕಾಲು ಗಂಟೆ ಧಾರಾಳ. ಉಬ್ಬಿದ್ದರೆ ಮಾತ್ರ ಆ ಕ್ಷಣವೇ ತೆಗೆದಿಡಬೇಕು, ಚುಚ್ಚಬಾರದು, ಕಸದ ಬುಟ್ಟಿಗೆ ಹಾಕಬಾರದು, ಇ-ತ್ಯಾಜ್ಯ ತಗೊಳ್ಳೋರಿಗೇ ಕೊಡಬೇಕು. ನಿಮ್ಮದು ಉಬ್ಬಿಲ್ಲ. ಇನ್ನೊಂದು ತೊಡಕೂ ಇದೆ, ಈ ಮಾಡೆಲ್ಲಿನ ಬಯೋಸ್, ಅಂದರೆ ಬೋರ್ಡಿನ ಒಳತಂತ್ರಾಂಶ, ಕಂಪನಿ ಒಪ್ಪದ ಬ್ಯಾಟರಿಯನ್ನ ಚಾರ್ಜ್ ಮಾಡಲು ನಿರಾಕರಿಸಬಹುದು. ಅಗ್ಗದ್ದು ತಂದು ಅದು ಹತ್ತದಿದ್ದರೆ ಕೊಟ್ಟ ದುಡ್ಡು ನೀರಿಗೆ. ವೈಫೈ ಕಾರ್ಡೂ ಅಷ್ಟೇ, ಬಯೋಸಿನ ಪಟ್ಟಿಯಲ್ಲಿ ಇಲ್ಲದ್ದು ಹಾಕಿದರೆ ಶುರುವಾಗೋದೇ ಇಲ್ಲ.

— ಪ್ರೊಸೆಸರ್?

— ಬೋರ್ಡಿಗೇ ಬೆಸೆದಿದೆ, ಆ ಮಾತೇ ಬೇಡ. ಫ್ಯಾನಿನ ಸದ್ದು ಹೇಗಿದೆ?

— ಮಧ್ಯಾಹ್ನ ಜೋರಾಗಿ ಊದುತ್ತೆ. ಎಡಗಡೆ ಕೈ ಇಟ್ಟರೆ ಬಿಸಿ.

— ಅದಕ್ಕೆ ಸ್ವಲ್ಪ ಎತ್ತಿಡಬೇಕು. ಗಾಳಿ ಹೋಗೋ ಜಾಲರಿಯಲ್ಲಿ ಇಷ್ಟು ವರ್ಷದ ಧೂಳು ಹೆಪ್ಪುಗಟ್ಟಿರುತ್ತೆ, ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿರುತ್ತೆ. ಬಿಸಿ ಮಿತಿಮೀರಿದರೆ ಪ್ರೊಸೆಸರ್ ತನ್ನನ್ನ ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತೆ. ಎಸ್‌ಎಸ್‌ಡಿ ಹಾಕಿದ ಮೇಲೂ ಬೇಸಿಗೆಯಲ್ಲಿ ಎಳೆದಾಡಿದರೆ ಕಾರಣ ಇದೇ. ಇದಕ್ಕೆ ಕೀಬೋರ್ಡು, ಅಂಗೈ ಇಡೋ ಹಲಗೆ ಎರಡನ್ನೂ ತೆಗೀಬೇಕು, ಇದೊಂದನ್ನ ಗೊತ್ತಿರೋರ ಕೈಯಲ್ಲೇ ಮಾಡಿಸೋಣ.

— ಪರದೆಯ ವಿಷಯ ನೀನು ಎತ್ತಲೇ ಇಲ್ಲ. ನನಗೆ ನಿಜಕ್ಕೂ ಕಷ್ಟ ಕೊಡೋದು ಅದೇ. ಒತ್ತಕ್ಷರಗಳು ಚುಕ್ಕಿಯ ಹಾಗೆ ಕಾಣ್ತವೆ.

— ಹನ್ನೆರಡೂವರೆ ಇಂಚಿನ ಪರದೆ, 1366 ಬೈ 768. ಕನ್ನಡಕ್ಕೆ ಅದು ಸಣ್ಣದೇ, ಒತ್ತಕ್ಷರ ಕೆಳಗಿಳಿಯೋ ಲಿಪಿಗೆ ಪಿಕ್ಸೆಲ್ ಹೆಚ್ಚು ಬೇಕು. ಪರದೆ ಬದಲಾಯಿಸೋದು ಬೇಡ. ಪಕ್ಕದಲ್ಲಿ ವಿಜಿಎ ಇದೆ, ಮಿನಿ ಡಿಸ್‌ಪ್ಲೇಪೋರ್ಟ್ ಇದೆ. ಮಗ ಬಿಟ್ಟುಹೋದ ಮಾನಿಟರ್ ಅಟ್ಟದ ಮೇಲಿದೆ ಅಂತ ಚಿಕ್ಕಮ್ಮ ಹೇಳಿದರಲ್ಲ? ಒಂದು ಕೇಬಲ್ ಹಾಕಿದರೆ ದೊಡ್ಡ ಅಕ್ಷರದಲ್ಲಿ ಪುಟ ಪೂರ್ತಿ ಕಾಣುತ್ತೆ. ಕತ್ತೂ ಬಗ್ಗಿಸಬೇಕಾಗಿಲ್ಲ.

— ಅದು ಹೊಳೆಯಲೇ ಇಲ್ಲ! ಸರಿ, ಮುಖ್ಯವಾದ್ದು ಕೇಳ್ತೀನಿ. ವಿಂಡೋಸ್ 10 ನಿಂತುಹೋಯ್ತು ಅಂತಾರಲ್ಲ. ಹಾರ್ಡ್‌ವೇರ್ ಎಲ್ಲ ಸರಿ ಮಾಡಿ ಕೊನೆಗೆ ವಿಂಡೋಸೇ ನಡೆಯದಿದ್ದರೆ?

— 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ ಸುರಕ್ಷತೆಯ ತೇಪೆ 2026ರ ಅಕ್ಟೋಬರ್ 13ರ ತನಕ ಅಂತ ಹೇಳಿದ್ದಾರೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಸುರಕ್ಷತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಮೇಲಿನ ಪ್ರೊಸೆಸರ್ ಬೇಕು. ನಿಮ್ಮದು ಮೂರನೆಯದು, ಟಿಪಿಎಂ 1.2. ಅಡ್ಡದಾರಿಯಲ್ಲಿ ಹಾಕೋರಿದ್ದಾರೆ, ಮುಂದೊಂದು ಅಪ್‌ಡೇಟಿನಲ್ಲಿ ನಿಂತುಹೋದರೆ ಕೇಳೋಕೆ ಯಾರೂ ಇರಲ್ಲ. ನಾನು ಲಿನಕ್ಸ್ ಮಿಂಟ್ ಹಾಕಿಕೊಡ್ತೀನಿ. ಪುಕ್ಕಟೆ. ಅದರ 22ನೇ ಆವೃತ್ತಿಗೆ 2029ರ ತನಕ ಬೆಂಬಲ ಇದೆ. 8 ಜಿಬಿಯಲ್ಲಿ ಹಗುರವಾಗಿ ಓಡುತ್ತೆ.

— ಅಲ್ಲೇ ನನಗೆ ಭಯ. ನನ್ನ ಕೈ ಇರೋದು ನುಡಿಯ ಕೀಲಿಗಳ ಮೇಲೆ. ಈ ವಯಸ್ಸಿನಲ್ಲಿ ಮತ್ತೆ ಅ ಆ ಇ ಈ ಕಲಿ ಅನ್ನಬೇಡ.

— ಕಲಿಯಬೇಕಾಗಿಲ್ಲ. ನುಡಿಯದ್ದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ಮೇಲೆ ನಿಂತದ್ದು. ಅದೇ ಕಗಪ ಕೀಲಿಮಣೆ ಅನ್ನೋ ಹೆಸರಿನಲ್ಲಿ ಲಿನಕ್ಸಿನ ಒಳಗೇ ಇದೆ, ಕನ್ನಡದ ಪಟ್ಟಿಯಿಂದ ಆರಿಸಿಕೊಂಡರೆ ಆಯ್ತು. ಬೆರಳು ಎಲ್ಲಿಗೆ ಹೋಗ್ತಿತ್ತೋ ಬಹುಪಾಲು ಅಲ್ಲಿಗೇ ಹೋಗುತ್ತೆ. ತೊಡಕಿರೋದು ನಿಮ್ಮ ಹಳೆಯ ಕಡತಗಳಲ್ಲಿ. ಯೂನಿಕೋಡ್ ಬರೋ ಮೊದಲು ಬರೆದದ್ದೆಲ್ಲ ನುಡಿ ಫಾಂಟಿಗೆ ಅಂಟಿಕೊಂಡಿದೆ, ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೊಂಚಲು ಕಾಣುತ್ತೆ. ಅವನ್ನ ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಕಗಳು ಸಿಗ್ತವೆ, ಆದರೂ ಅರ್ಕಾವತ್ತು, ಕೆಲವು ಒತ್ತುಗಳು ಅಲ್ಲಲ್ಲಿ ತಪ್ಪಬಹುದು, ಒಮ್ಮೆ ಓದಿ ತಿದ್ದಬೇಕಾಗುತ್ತೆ. ಹೊಸ ಲ್ಯಾಪ್‌ಟಾಪ್ ಕೊಂಡಿದ್ದರೂ ಇದು ತಪ್ಪುತ್ತಿರಲಿಲ್ಲ.

— ಆ ಕಡತಗಳೇ ನನ್ನ ಆಸ್ತಿ ಕಣಮ್ಮಾ. ಜಾನಪದ ಗೀತೆ ಸಂಗ್ರಹಿಸಿದ್ದು, ಹಾಡಿಕೊಟ್ಟ ಎಷ್ಟೋ ಅಜ್ಜಿಯರು ಈಗಿಲ್ಲ. ಬೇರೆಲ್ಲೂ ಪ್ರತಿ ಇಲ್ಲ.

— ಈ ಒಂದೇ ಡಿಸ್ಕಿನಲ್ಲಾ?

— ಇದೊಂದರಲ್ಲೇ.

— ಹಾಗಾದರೆ ಇವತ್ತು ರಾತ್ರಿಯೇ ನಕಲು ಆಗಬೇಕು, ಎಸ್‌ಎಸ್‌ಡಿ ಎಲ್ಲ ಆಮೇಲೆ. ಮೊದಲು ಕ್ರಿಸ್ಟಲ್ ಡಿಸ್ಕ್ ಇನ್ಫೊ ಹಾಕಿ ಈ ಡಿಸ್ಕಿನ ಆರೋಗ್ಯ ನೋಡ್ತೀನಿ. ರೀಅಲೊಕೇಟೆಡ್ ಸೆಕ್ಟರ್, ಪೆಂಡಿಂಗ್ ಸೆಕ್ಟರ್ ಅಂತ ಎರಡು ಸಾಲಿರುತ್ತೆ. ಎರಡೂ ಸೊನ್ನೆ ಇದ್ದರೆ ಸದ್ಯಕ್ಕೆ ನಿಶ್ಚಿಂತೆ. ಅಂಕಿ ಕಂಡರೆ ಡಿಸ್ಕು ಸಾಯಲು ಶುರುವಾಗಿದೆ ಅಂತ ಅರ್ಥ, ಆಗ ಇಡೀ ಡಿಸ್ಕ್ ಕ್ಲೋನ್ ಮಾಡಲು ಕೂರಬಾರದು, ಬೇಕಾದ ಕಡತಗಳನ್ನ ಮೊದಲು ಎತ್ತಿಕೊಳ್ಳಬೇಕು. ಆರು ಸಾವಿರದಲ್ಲಿ ಒಂದು ಪಾಲು ಇದಕ್ಕೇ ಹೋಗಲಿ, ಒಂದು ಯುಎಸ್‌ಬಿ ಕೇಸ್ ತರೋಣ. ಹೊಸ ಎಸ್‌ಎಸ್‌ಡಿಗೆ ಮಿಂಟ್ ಹಾಕ್ತೀನಿ. ಹಳೆ ಡಿಸ್ಕನ್ನ ಅಳಿಸೋದೇ ಬೇಡ, ವಿಂಡೋಸ್, ನುಡಿ, ಕಡತ ಎಲ್ಲದರ ಸಮೇತ ಹಾಗೇ ಕೇಸಿನಲ್ಲಿ ಇಡೋಣ. ಹೊಸದು ಒಗ್ಗಲಿಲ್ಲ ಅನ್ನಿ, ಒಂದು ಸ್ಕ್ರೂ ತೆಗೆದು ಹಳೆಯದನ್ನ ಮತ್ತೆ ಹಾಕಿದರೆ ನಿಮ್ಮ ಇವತ್ತಿನ ಲ್ಯಾಪ್‌ಟಾಪ್ ಇದ್ದ ಹಾಗೇ ವಾಪಸ್.

— ಅದು ಸಮಾಧಾನದ ಮಾತು. ಹಿಂದಕ್ಕೆ ಬರೋ ದಾರಿ ಇದೆ ಅಂದರೆ ಮುಂದಕ್ಕೆ ಹೆಜ್ಜೆ ಇಡಬಹುದು. ಇನ್ನೊಂದು ಕೇಳಲಾ? ಇಷ್ಟು ಮಾಡಿ ಇನ್ನೆಷ್ಟು ವರ್ಷ ಬಾಳುತ್ತೆ? ಹದಿಮೂರು ದಾಟಿದ ಯಂತ್ರ.

— ಮದರ್‌ಬೋರ್ಡ್ ಹೋದ ದಿನ ನಿಲ್ಲಿಸಿಬಿಡೋಣ. ಆಮೇಲೆ ಒಂದು ರೂಪಾಯಿಯನ್ನೂ ಇದಕ್ಕೆ ಹಾಕಬಾರದು. ಅದು ನಾಳೆಯೂ ಆಗಬಹುದು, ಐದು ವರ್ಷವೂ ಹೋಗಬಹುದು, ಗ್ಯಾರಂಟಿ ಯಾರೂ ಕೊಡಲಾರರು. ಅದಕ್ಕೇ ನೋಡಿ, ನಾವು ಕೊಳ್ತಿರೋದರಲ್ಲಿ ಹೆಚ್ಚಿನ ದುಡ್ಡು ಹೋಗೋದು ಎಸ್‌ಎಸ್‌ಡಿಗೆ, ಅದು ಈ ಲ್ಯಾಪ್‌ಟಾಪಿನ ಜೊತೆ ಸಾಯಲ್ಲ. ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು, ಕೇಸಿಗೆ ಹಾಕಿದರೆ ಹೊರಗಿನ ಡಿಸ್ಕೂ ಆಗುತ್ತೆ. ಆ ದಿನ ಬಂದರೆ ಹೊಸ ತೆಳ್ಳನೆಯದಕ್ಕೆ ಹೋಗಬೇಡಿ. ಥಿಂಕ್‌ಪ್ಯಾಡ್ ಟಿ480 ಥರದ್ದು ರಿಫರ್ಬಿಶ್ಡ್ ನೋಡೋಣ. 2018ರದ್ದು, ಎಂಟನೇ ತಲೆಮಾರು, ವಿಂಡೋಸ್ 11 ಅಧಿಕೃತವಾಗೇ ಹತ್ತುತ್ತೆ, ರ‍್ಯಾಮ್‌ಗೆ ಎರಡು ಸ್ಲಾಟೂ ಇದೆ. ಎಕ್ಸ್280ರ ಬಾಗಿಲು ಮುಚ್ಚಿದ ಅದೇ ವರ್ಷ ಬಂದದ್ದು.

— ಕೊಳ್ಳದೇ ಉಳಿದರೆ ಕಸವೂ ಕಡಿಮೆ.

— ಕಸಕ್ಕಿಂತ ಮೊದಲಿನದೇ ದೊಡ್ಡದು. ಲ್ಯಾಪ್‌ಟಾಪ್ ತನ್ನ ಆಯಸ್ಸಿನಲ್ಲಿ ಗಾಳಿಗೆ ಸೇರಿಸೋ ಇಂಗಾಲದಲ್ಲಿ ಬಹುಪಾಲು ಅದನ್ನ ತಯಾರು ಮಾಡುವಾಗಲೇ ಆಗಿಹೋಗಿರುತ್ತೆ ಅಂತ ಕಂಪನಿಗಳ ಲೆಕ್ಕಪತ್ರಗಳೇ ಹೇಳ್ತವೆ. ನೀವು ಇನ್ನು ಮೂರು ವರ್ಷ ಇದರಲ್ಲೇ ಬರೆದರೆ ಒಂದು ಹೊಸ ಲ್ಯಾಪ್‌ಟಾಪಿನ ಅಷ್ಟೂ ಹೊರೆ ಮೂರು ವರ್ಷ ಮುಂದಕ್ಕೆ ಹೋಯ್ತು.

— ನಾಳೆ ಹೋಗೋಣವಾ ಎಸ್.ಪಿ. ರೋಡಿಗೆ?

— ನಾಳೆ ಭಾನುವಾರ, ಬಹುಪಾಲು ಅಂಗಡಿ ಬಾಗಿಲು ಹಾಕಿರ್ತವೆ. ಸೋಮವಾರ ಬೆಳಗ್ಗೆ ಹನ್ನೊಂದರ ಮೇಲೆ ಹೋಗೋಣ. ಎಸ್‌ಎಸ್‌ಡಿಗೆ ಎರಡು ಮೂರು ಕಡೆ ಬೆಲೆ ಕೇಳಿ, ಬಿಲ್ ಕೊಡೋರ ಹತ್ತಿರವೇ ತಗೊಳ್ಳೋಣ. ಹೊರಡೋ ಮೊದಲು ಇದರ ರ‍್ಯಾಮ್ ತುಂಡನ್ನ ನೀವೇ ಬಿಚ್ಚಿ ಒಂದು ಪೇಪರಿನಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಳ್ಳಿ, ಅಂಗಡಿಯಲ್ಲಿ ಪಕ್ಕಪಕ್ಕ ಇಟ್ಟು ಕಂಡಿ, ಚೀಟಿ ಎರಡನ್ನೂ ಹೋಲಿಸಿ ನೋಡಬಹುದು. ಸ್ಕ್ರೂ ಡ್ರೈವರ್ ಎಲ್ಲಿದೆ? ಪ್ಲಸ್ ತಲೆಯದು, ಚಿಕ್ಕದು.

— ಹೊಲಿಗೆ ಯಂತ್ರದ ಡ್ರಾಯರಿನಲ್ಲಿ. ಅದು ಆಮೇಲಾಯ್ತು, ಮೊದಲು ನಿನ್ನ ಪೆನ್ ಡ್ರೈವ್ ಕೊಡು, ಹಾಡಿನ ಕಡತಗಳು ಡಿ ಡ್ರೈವಿನಲ್ಲಿವೆ.